ಫ್ರಾನ್ಸ್ ಕ್ಲಸ್ಟರಿನ ಮೊದಲ ಅಜ್ಜಿ

ನಾವು ದುಬೈಯಲ್ಲಿ ಮನೆ ಹಿಡಿದ ವರ್ಷ ನನ್ನ ಅತ್ತೆ ಊರಿಡೀ ಒಂದು ಸುದ್ದಿ ಹಬ್ಬಿಸಿದ್ದರು: ಮಗ, ಸೊಸೆ ಈಗ ಫ್ರಾನ್ಸಿನಲ್ಲಿದ್ದಾರೆ. ಅವರು ಸುಳ್ಳು ಹೇಳುವ ಹೆಂಗಸಲ್ಲ. ಮನೆ ಎಲ್ಲಿ ಸಿಕ್ಕಿತು ಎಂದು ಫೋನಿನಲ್ಲಿ ಕೇಳಿದಾಗ ನನ್ನ ಗಂಡ "ಇಂಟರ್‌ನ್ಯಾಷನಲ್ ಸಿಟಿ, ಫ್ರಾನ್ಸ್ ಕ್ಲಸ್ಟರ್" ಅಂದಿದ್ದರು. ಅದರಲ್ಲಿ ಅತ್ತೆಗೆ ಗುರ್ತ ಸಿಕ್ಕಿದ್ದು ಒಂದೇ ಶಬ್ದ. ಮೊದಲ ರಜೆಯಲ್ಲಿ ಊರಿಗೆ ಹೋದರೆ ಪಕ್ಕದ ಮನೆಯ ಟೀಚರು ಅಂಗಳದಲ್ಲೇ ನನ್ನನ್ನು ನಿಲ್ಲಿಸಿ, "ಫ್ರಾನ್ಸಿನಲ್ಲಿ ಸೆಂಟು ಭಾರೀ ಒಳ್ಳೇದು ಸಿಗ್ತದಂತೆ ಅಲ್ವಾ ಮಾರಾಯ್ತಿ, ಒಂದು ಸಣ್ಣ ಬಾಟ್ಲಿ ತರ್ಲಿಕ್ಕೆ ಎಂತ ಆಗಿತ್ತು ನಿನಗೆ?" ಎಂದು ಕೇಳಿದರು. ನಾನು ತಂದದ್ದು ಎಲ್ಲರೂ ತರುವ ಹಾಲುಪುಡಿ ಮತ್ತು ತಲೆನೋವಿನ ಎಣ್ಣೆ.

ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಅನ್ನುತ್ತಾರಲ್ಲ, ನಮ್ಮ ಫ್ರಾನ್ಸ್ ಹಾಗೇ ಇತ್ತು. ಮರಳುಗಾಡಿನಲ್ಲಿ ಒಂದೊಂದು ದೇಶದ ಹೆಸರಿಟ್ಟು ಮೂರು ನಾಲ್ಕು ಮಹಡಿಯ ಕಟ್ಟಡಗಳನ್ನು ಗುಂಪುಗುಂಪಾಗಿ ಕಟ್ಟಿದ್ದರು. ಒಂದು ರಸ್ತೆ ದಾಟಿದರೆ ಒಂದು ದೇಶ, ಇನ್ನೊಂದು ದಾಟಿದರೆ ಇನ್ನೊಂದು. ಪಾಸ್‌ಪೋರ್ಟಿಲ್ಲದೆ ಒಂದು ಸಂಜೆಯಲ್ಲಿ ಅರ್ಧ ಪ್ರಪಂಚ ಸುತ್ತಬಹುದಿತ್ತು, ಕಾಲುನೋವು ಮಾತ್ರ ಉಚಿತ. ಬಾಡಿಗೆ ಉಳಿದ ದುಬೈಗಿಂತ ಕಡಿಮೆ ಎಂಬ ಒಂದೇ ಕಾರಣಕ್ಕೆ ನಮ್ಮಂಥವರು ಅಲ್ಲಿಗೆ ಬಂದದ್ದು. ಫ್ರಾನ್ಸ್ ಕ್ಲಸ್ಟರಿನಲ್ಲಿ ಮಲಯಾಳಿಗಳಿದ್ದರು, ಪಾಕಿಸ್ತಾನದವರಿದ್ದರು, ಫಿಲಿಪ್ಪೀನಿಯವರಿದ್ದರು, ಕುಂದಾಪುರದ ಒಂದು ಜೋಡಿಯಾಗಿ ನಾವಿದ್ದೆವು. ಫ್ರಾನ್ಸಿನವನೊಬ್ಬನನ್ನು ನಾನು ಅಲ್ಲಿ ಇವತ್ತಿನವರೆಗೆ ಕಂಡಿಲ್ಲ.

ಅದು ಮಲಗುವ ಊರು. ಬೆಳಕು ಹರಿಯುವ ಮೊದಲೇ ಕಟ್ಟಡಗಳ ಕೆಳಗೆ ಕಾರು, ವ್ಯಾನುಗಳು ಬಂದು ನಿಲ್ಲುತ್ತಿದ್ದವು. ತಿಂಗಳಿಗಿಷ್ಟು ಎಂದು ಕೊಟ್ಟು ಐದಾರು ಜನ ಒಟ್ಟಿಗೆ ಕೆಲಸಕ್ಕೆ ಹೋಗುವ ಆ ವ್ಯವಸ್ಥೆಗೆ ಅಲ್ಲಿ ಕಾರ್ ಲಿಫ್ಟ್ ಎಂದು ಹೆಸರು. ನಾನು ಕರಾಮದ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಗೆ ಕೂರುತ್ತಿದ್ದೆ. ಇವರು ಅಬುಧಾಬಿಯ ಒಂದು ಹೋಟೆಲಿನ ಸ್ಟೋರಿನಲ್ಲಿದ್ದರು, ದಿನಾ ಹೋಗಿ ಬರುವುದಕ್ಕೇ ಅರ್ಧ ಜೀವ ಖರ್ಚಾಗುತ್ತಿತ್ತು. ಹಗಲಲ್ಲಿ ಊರಿಗೆ ಊರೇ ಖಾಲಿ. ಜ್ವರ ಬಂದು ಒಂದು ದಿನ ಮನೆಯಲ್ಲೇ ಉಳಿದಾಗ ಗೊತ್ತಾಯಿತು ನನಗೆ, ಒಣಹಾಕಿದ ಬಟ್ಟೆ ಗಾಳಿಗೆ ಬಡಿಯುವ ಸದ್ದು ಬಿಟ್ಟರೆ ಅಲ್ಲಿ ಮನುಷ್ಯರ ಸದ್ದೇ ಇಲ್ಲ. ಮತ್ತೆ ಇನ್ನೊಂದು ವಿಷಯ ಹೊಳೆಯಿತು. ಈ ಊರಲ್ಲಿ ಮುದುಕರಿಲ್ಲ. ಒಂದು ಬಿಳಿ ಕೂದಲಿನ ತಲೆ ಕಾಣಲಿಕ್ಕಿಲ್ಲ. ಎಲ್ಲರೂ ದುಡಿಯುವ ಪ್ರಾಯದವರು, ಪ್ರಾಯ ಮುಗಿದರೆ ವೀಸಾ ಮುಗಿಯುತ್ತದೆ, ವೀಸಾ ಮುಗಿದರೆ ಖಲಾಸ್, ಊರಿಗೆ.

ಆದರೂ ಊರು ಬೆಳೆಯಿತು, ನಮ್ಮ ಕಣ್ಣೆದುರೇ. ಮೊದಲು ಕೆಳಗೊಂದು ಗ್ರೋಸರಿ, ಆಮೇಲೆ ಮಲಯಾಳಿಯ ಚಹಾದಂಗಡಿ, ಆಮೇಲೆ ಲಾಂಡ್ರಿ. ಬಸ್ಸಿನ ಸ್ಟಾಪು ಬಂದಾಗ ನಾವೆಲ್ಲ ತವರಿಂದ ಯಾರೋ ಬಂದಂತೆ ಹಿಗ್ಗಿದೆವು. ಫ್ರೆಂಚ್ ಬಂದದ್ದು ಅದರ ನಂತರ, ನಮ್ಮ ಎದುರು ಬಾಗಿಲಿಗೇ.

ಎದುರು ಮನೆಗೆ ಬಂದವಳು ಆಫ್ರಿಕಾದ ಕ್ಯಾಮರೂನಿನವಳು, ಆಡುವ ಮಾತು ಫ್ರೆಂಚ್. ನನ್ನದೇ ಪ್ರಾಯ, ನನಗಿಂತ ಒಂದು ಗೇಣು ಎತ್ತರ, ಬ್ಯೂಟಿ ಪಾರ್ಲರಿನಲ್ಲಿ ಕೂದಲು ಹೆಣೆಯುವ ಕೆಲಸ. ನಮ್ಮ ಗುರ್ತವಾದದ್ದು ಜಗಳದಿಂದ. ಒಂದು ಶುಕ್ರವಾರ ನಾತೂರ್, ಅಂದರೆ ಕಟ್ಟಡದ ವಾಚ್‌ಮ್ಯಾನ್, ನಮ್ಮ ಬಾಗಿಲು ಬಡಿದು, "ಮೇಡಂ, ಒಣಮೀನಿನ ವಾಸನೆ, ಇಡೀ ಬಿಲ್ಡಿಂಗ್ ಕಂಪ್ಲೇಂಟ್" ಅಂದ. ನನಗೆ ಉರಿದುಹೋಯಿತು. ಆ ದಿನ ನಮ್ಮಲ್ಲಿ ಬರೀ ಗಂಜಿ, ಉಪ್ಪಿನಕಾಯಿ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆಯಾ? ಸೀದಾ ಹೋಗಿ ಎದುರು ಬಾಗಿಲು ಬಡಿದೆ. ಅವಳು ಬಾಗಿಲು ತೆಗೆದಳು, ಕೈಯಲ್ಲಿ ಸೌಟು. ಒಳಗಿಂದ ಬಂದ ಪರಿಮಳ ಇದೆಯಲ್ಲ, ದೇವರೇ, ಮಲ್ಪೆಯ ಬಂದರಿನಿಂದ ನೇರ ಬಂದ ಹಾಗಿತ್ತು. ನಾನು ಜಗಳ ಮಾಡಲಿಕ್ಕೆ ಹೋದವಳು ತಟ್ಟೆ ಹಿಡಿದು ಕೂತುಬಿಟ್ಟೆ. ಅವಳಿಗೆ ಇಂಗ್ಲಿಷ್ ಹತ್ತು ಶಬ್ದ, ನನಗೆ ಫ್ರೆಂಚ್ ಸೊನ್ನೆ. ಒಣಮೀನಿಗೆ ಭಾಷೆ ಬೇಡ. ಮುಂದಿನ ವಾರ ನಾನು ತೆಂಗಿನಕಾಯಿ ಅರೆದು ಒಣಮೀನಿನ ಚಟ್ನಿ ಕೊಟ್ಟೆ, ಅವಳು ಬೆರಳು ನೆಕ್ಕಿದಳು. ನಾತೂರ್ ಪಾಪ, ಆಮೇಲೆ ಯಾವ ಬಾಗಿಲನ್ನೂ ಬಡಿಯಲಿಲ್ಲ.

ಒಬ್ಬಳ ಹಿಂದೆ ಹತ್ತು ಜನ ಬರುವುದು ಕೊಲ್ಲಿಯ ಪದ್ಧತಿ. ನಮ್ಮವರೂ ಹಾಗೇ ಬಂದವರು, ಒಬ್ಬ ಭಾವ ಬಂದು ನಾಲ್ಕು ಭಾವಂದಿರನ್ನು ಎಳೆದವರು. ಇವಳ ಹಿಂದೆ ಇವಳ ತಂಗಿ ಬಂದಳು, ತಂಗಿಯ ಗೆಳತಿ ಬಂದಳು. ಐವರಿ ಕೋಸ್ಟಿನ ಹೋಟೆಲ್ ನೌಕರರು ಬಂದರು, ಸೆನೆಗಲ್ಲಿನವರು ಬಂದರು. ಕೆಳಗಿನ ಮಹಡಿಗೆ ಟ್ಯುನೀಶಿಯಾದ ಒಬ್ಬಳು ಬಂದು ಮನೆಯಲ್ಲೇ ಕೇಕು ಮಾಡತೊಡಗಿದಳು. ಕೂದಲು ಹೆಣೆಯುವ ಅಂಗಡಿ ತೆರೆಯಿತು. ಗ್ರೋಸರಿಯ ಮಲಯಾಳಿ ಮರಗೆಣಸು, ಬಾಳೆಕಾಯಿ ತರಿಸತೊಡಗಿ "ಬೋಂಜೂರ್ ಮದಾಂ" ಅನ್ನಲು ಕಲಿತ. ಸಂಜೆ ಕಾರ್ ಲಿಫ್ಟಿನಿಂದ ಇಳಿದರೆ ಮೆಟ್ಟಿಲಲ್ಲಿ, ಲಿಫ್ಟಿನಲ್ಲಿ, ಬಾಲ್ಕನಿಯಿಂದ ಬಾಲ್ಕನಿಗೆ ಫ್ರೆಂಚೇ ಫ್ರೆಂಚ್. ಕಟ್ಟಿದವರು ಗೋಡೆಗಿಟ್ಟ ಹೆಸರನ್ನು ಆಫ್ರಿಕಾದ ಹೆಂಗಸರು ಬಂದು ನಿಜ ಮಾಡಿದರು. ಅತ್ತೆ ಕೊನೆಗೂ ಗೆದ್ದರು ಅಂತ ನಾನು ಇವರನ್ನು ಚುಡಾಯಿಸುತ್ತಿದ್ದೆ.

ಅಷ್ಟರಲ್ಲಿ ನಾನು ಬಸುರಿಯಾದೆ. ಮೊದಲ ಹೆರಿಗೆ, ಆಗಸ್ಟಿನ ಕೊನೆಗೆ ದಿನ. ಬಾಣಂತನಕ್ಕೆ ಅಮ್ಮ ಬರುವುದೆಂದು ಆಗಿತ್ತು. ಲೇಹ್ಯ ಕಾಯಿಸಿಟ್ಟಿದ್ದರು, ಹೊಟ್ಟೆಗೆ ಕಟ್ಟಲು ಹಳೇ ವೇಷ್ಟಿ ಹರಿದಿಟ್ಟಿದ್ದರು, ವೀಸಾ ಕೂಡ ಬಂದಿತ್ತು. ಹೊರಡುವ ವಾರ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡರು. ಫೋನಿನಲ್ಲಿ ಅಮ್ಮ ಅಳುವುದು ಕಾಲಿಗಲ್ಲ, ನನಗೆ. "ನಿನಗೆ ಬಿಸಿನೀರು ಹೊಯ್ಲಿಕ್ಕೆ ಯಾರು ಇದ್ದಾರೆ ಮಗಾ?" ಎಂದು ಒಂದೇ ಸಮನೆ ಕೇಳುತ್ತಿದ್ದರು. ಅತ್ತೆಗೆ ಮನೆಯಲ್ಲಿ ಹಾಸಿಗೆ ಹಿಡಿದ ಮಾವ, ಬರುವ ಹಾಗಿಲ್ಲ. ಆದರೆ ಅತ್ತೆ ಸುಮ್ಮನೆ ಕೂರುವವರಲ್ಲ. ಫೋನಿನಲ್ಲೇ ತೀರ್ಮಾನ ಕೊಟ್ಟರು: "ಹೆರಿಗೆ ಆಗ್ಲಿ. ರಜೆ ಮುಗಿಯುವಾಗ ನನ್ನ ತಂಗಿ ಶಾರ್ಜಾದಿಂದ ಊರಿಗೆ ಬರ್ಲಿಕ್ಕುಂಟು. ಅವಳ ಕೈಯಲ್ಲಿ ಮಗುವನ್ನು ಕಳಿಸಿ. ಶಾಲೆಗೆ ಹೋಗುವ ತನಕ ನಾನು ನೋಡ್ತೇನೆ."

ಇದರಲ್ಲಿ ಅತ್ತೆಯ ಕ್ರೌರ್ಯ ಏನೂ ಇರಲಿಲ್ಲ. ಕೊಲ್ಲಿಯಲ್ಲಿ ಇಬ್ಬರೂ ದುಡಿಯುವ ಮನೆಗಳಲ್ಲಿ ನಡೆಯುತ್ತಿದ್ದುದೇ ಹೀಗೆ. ಹೆರಿಗೆ ರಜೆ ಒಂದೂವರೆ ತಿಂಗಳು, ಅದು ಮುಗಿದ ಮೇಲೆ ಹಸುಗೂಸನ್ನು ಊರಿಗೆ ಹೋಗುವ ಯಾರದ್ದಾದರೂ ಕೈಯಲ್ಲಿ ಕೊಡುವುದು, ವರ್ಷಕ್ಕೊಮ್ಮೆ ಆಟದ ಸಾಮಾನು ಹೊತ್ತು ನೋಡಲು ಹೋಗುವುದು. ನಮ್ಮ ಕ್ಲಿನಿಕ್ಕಿನ ನರ್ಸೊಬ್ಬಳ ಮಗ ಅವಳನ್ನು ಆಂಟಿ ಎಂದು ಕರೆಯುತ್ತಿದ್ದ. ಅವಳೇ ಅದನ್ನು ನಗುತ್ತ ಹೇಳಿದ್ದಳು. ಆ ನಗು ನೆನಪಾದಾಗಲೆಲ್ಲ ನಾನು ಸಂಬಳದ ಲೆಕ್ಕ ಹಾಕುತ್ತಿದ್ದೆ. ಕೆಲಸ ಬಿಡಲಾ ಎಂದರೆ ಇವರೊಬ್ಬರ ಸಂಬಳಕ್ಕೆ ಮನೆ ಉಳಿಯುವುದಿಲ್ಲ. ನಾನು ಹೂಂ ಅಂದೆ. ನನ್ನ ಗಂಡ ಅಮ್ಮನ ಮಾತಿಗೆ ಹುಟ್ಟಿದಾಗಿನಿಂದ ಹೂಂ ಅನ್ನುವವರು, ಅವರೂ ಅಂದರು.

ಮಗಳು ಹುಟ್ಟಿದಳು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನಾವಿಬ್ಬರೂ ಅದನ್ನು ಮಂಚದ ನಡುವೆ ಮಲಗಿಸಿ ಎರಡು ಬದಿಯಲ್ಲಿ ಕೂತು ನೋಡಿದೆವು. ಎತ್ತಲು ಹೆದರಿಕೆ. ಅದು ಅತ್ತರೆ ನಾನೂ ಅಳುತ್ತಿದ್ದೆ. ನಾನು ಅತ್ತರೆ ಇವರು ಎದ್ದು ಹೋಗಿ ಚಹಾ ಮಾಡುತ್ತಿದ್ದರು. ಹಾಲು ಸರಿಯಾಗಿ ಕುಡಿಯದು, ನನ್ನ ಮೈಯೆಲ್ಲ ನೋವು, ಫೋನಿನಲ್ಲಿ ಅಮ್ಮನ ಸಲಹೆ. ಮಧ್ಯಾಹ್ನ ಯಾರೋ ಬಾಗಿಲು ಬಡಿದರು. ಎದುರು ಮನೆಯವಳು ನಿಂತಿದ್ದಳು, ಅವಳ ಹಿಂದೆ ತಲೆಗೆ ಹೂವಿನ ಬಟ್ಟೆ ಸುತ್ತಿಕೊಂಡ ದೊಡ್ಡ ದೇಹದ ಒಬ್ಬ ಮುದುಕಿ.

"ಮೈ ಮದರ್. ವಿಸಿಟ್ ವೀಸಾ," ಅಂದಳು ಅವಳು.

ಬಟ್ಟೆಯ ಅಂಚಿನಲ್ಲಿ ಬಿಳಿ ಕೂದಲು ಕಂಡಿತು. ನಮ್ಮ ಊರಿನ ಮೊದಲ ಬಿಳಿ ಕೂದಲು! ಅಜ್ಜಿ ನನ್ನ ಮುಖ ನೋಡಿದರು, ಮಗುವಿನ ಮುಖ ನೋಡಿದರು, ಚಹಾದ ಲೋಟ ಹಿಡಿದು ನಿಂತ ನನ್ನ ಗಂಡನ ಮುಖ ನೋಡಿದರು. ಮೊದಲು ಗಂಡನನ್ನು ತೋಳು ಹಿಡಿದು ಹೊರಗಿನ ಕೋಣೆಗೆ ಕಳಿಸಿದರು. ಆಮೇಲೆ ಸೀದಾ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ನೀರಿಗೆ ಕೈ ಹಿಡಿದರು. ಸುಡುಬೇಸಗೆಯ ಆ ದಿನಗಳಲ್ಲಿ ದುಬೈಯ ತಣ್ಣೀರಿನ ನಲ್ಲಿಯಲ್ಲೇ ಕುದಿಯುವ ನೀರು, ಹಂಡೆಯೂ ಬೇಡ, ಸೌದೆಯೂ ಬೇಡ. ಅಜ್ಜಿಗೆ ಬಹಳ ಖುಷಿಯಾಯಿತು.

ಆ ದಿನದಿಂದ ನನಗೆ ಬಾಣಂತನ ಶುರುವಾಯಿತು, ಫ್ರೆಂಚಿನಲ್ಲಿ. ಬಿಸಿನೀರಲ್ಲಿ ಅದ್ದಿದ ಟವೆಲನ್ನು ಹಿಂಡಿ ಅಜ್ಜಿ ನನ್ನ ಹೊಟ್ಟೆಯ ಮೇಲಿಟ್ಟು ಒತ್ತುತ್ತಿದ್ದರು, ನಾನು ಊರಿನ ದೈವಗಳನ್ನೆಲ್ಲ ಕೂಗುತ್ತಿದ್ದೆ. ಮೆಣಸು, ಶುಂಠಿ ಜಜ್ಜಿ ಹಾಕಿದ ಒಂದು ಮೀನಿನ ಸಾರು ಕುಡಿಸಿದರು. ನಮ್ಮ ಬಾಣಂತಿ ಸಾರಿಗೂ ಅದಕ್ಕೂ ಹೆಚ್ಚು ಅಂತರವಿಲ್ಲ, ಕಣ್ಣಲ್ಲಿ ನೀರು ಬರುವುದು ಎರಡರಲ್ಲೂ ಒಂದೇ. ಮಗುವನ್ನು ಕಾಲು ಚಾಚಿ ಅದರ ಮೇಲೆ ಮಲಗಿಸಿ ಎಣ್ಣೆ ತಿಕ್ಕಿದರು, ಥೇಟ್ ನಮ್ಮ ಅಮ್ಮನ ಹಾಗೆ. ಆಮೇಲೆ ಒಂದು ಕೆಲಸ ಮಾಡಿದರು. ಮಗುವಿನ ಎರಡೂ ಕೈ ಹಿಡಿದು ಗಾಳಿಯಲ್ಲಿ ಎತ್ತಿದರು.

ಅಷ್ಟು ಹೊತ್ತಿಗೆ ಅಮ್ಮ ವಿಡಿಯೋ ಕಾಲಿನಲ್ಲಿ ಇದ್ದರು. ಮುರಿದ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಊರಿಂದಲೇ ಬಾಣಂತನದ ಉಸ್ತುವಾರಿ. "ಅಯ್ಯಯ್ಯೋ! ಎಂತ ಮಾಡ್ತಾಳೆ ಅವಳು! ಮಗುವಿನ ಕೈ ಕಿತ್ತು ಬರ್ತದೆ! ಹೇಳೇ ಅವಳಿಗೆ!"

ಅಜ್ಜಿ ಫೋನಿನ ಹತ್ತಿರ ಬಾಗಿ ಫ್ರೆಂಚಿನಲ್ಲಿ ಏನೋ ಹೇಳಿದರು. ಅಮ್ಮ ಕುಂದಾಪುರದ ಕನ್ನಡದಲ್ಲಿ ಉತ್ತರ ಕೊಟ್ಟರು. ಅಜ್ಜಿಯ ದನಿ ಏರಿತು, ಅಮ್ಮನದೂ ಏರಿತು. ಇಬ್ಬರಿಗೂ ಇನ್ನೊಬ್ಬರ ಒಂದಕ್ಷರ ಗೊತ್ತಿಲ್ಲ, ಇಬ್ಬರೂ ಒಂದು ಮಾತನ್ನೂ ಬಿಟ್ಟುಕೊಡುವುದಿಲ್ಲ. ನಾನು ಎಣ್ಣೆ ಮೆತ್ತಿಕೊಂಡು ನಡುವೆ ಕೂತು, ಹೆರಿಗೆಯಾದ ಮೇಲೆ ಮೊದಲ ಸಲ ನಕ್ಕೆ. ಮಗಳು ಮಾತ್ರ ಅಜ್ಜಿಯ ಕೈಯಿಂದ ಇಳಿದವಳೇ ಗಬಗಬ ಹಾಲು ಕುಡಿದು ಸಂಜೆಯವರೆಗೆ ನಿದ್ದೆ ಹೋದಳು. ಮರುದಿನ ಅಮ್ಮನೇ ಫೋನ್ ಮಾಡಿ ಕೇಳಿದರು, "ಎಲ್ಲಿ ನಿನ್ನ ಫ್ರಾನ್ಸಿನ ಅಜ್ಜಿ? ಇವತ್ತು ಎತ್ತಲಿಲ್ವಾ ಮಗುವನ್ನು? ಎತ್ಲಿಕ್ಕೆ ಹೇಳು, ನಿದ್ದೆ ಬರ್ತದೆ."

ದಿನಗಳು ಓಡಿದವು. ಅಜ್ಜಿಯಿಂದಾಗಿ ನಾನು ಮನುಷ್ಯಳಾದೆ. ಮಗುವನ್ನು ಒಂದೇ ಕೈಯಲ್ಲಿ ಎತ್ತಲು ಕಲಿತೆ, ಅಳು ಕೇಳಿಯೇ ಹಸಿವೋ ಹೊಟ್ಟೆನೋವೋ ಹೇಳಲು ಕಲಿತೆ. ಅದೇ ದೊಡ್ಡ ಸಂಕಟವಾಯಿತು. ಗುರ್ತವಿಲ್ಲದ ಮಗುವನ್ನು ಕಳಿಸಬಹುದಿತ್ತೇನೋ. ಈಗ ಅದು ನನ್ನ ದನಿಗೆ ತಲೆ ತಿರುಗಿಸುತ್ತಿತ್ತು. ಅತ್ತ ಪಾಸ್‌ಪೋರ್ಟ್ ಬಂತು, ಟಿಕೆಟ್ ಬಂತು. ಅತ್ತೆ ಊರಲ್ಲಿ ತೊಟ್ಟಿಲಿಗೆ ಬಣ್ಣ ಹೊಡೆಸಿದರು.

ಎದುರು ಮನೆಯವಳಿಗೆ ವಿಷಯ ಹೇಳಿದಾಗ ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. "ಬೇಬಿ ಗೋ? ಮಮ್ಮಿ ನೋ ಗೋ?" ಎಂದು ಎರಡು ಸಲ ಕೇಳಿದಳು. ಆಮೇಲೆ ಕೆಳಗಿನ ಟ್ಯುನೀಶಿಯಾದವಳನ್ನು, ತನ್ನ ತಂಗಿಯನ್ನು ಕರೆದುಕೊಂಡು ಬಂದಳು. ಅವರಲ್ಲಿ ಆಗಲೇ ಒಂದು ಪದ್ಧತಿ ಇತ್ತಂತೆ. ಇವಳಿಗೆ ಪಾರ್ಲರು ಮಧ್ಯಾಹ್ನದ ಮೇಲೆ, ತಂಗಿಗೆ ಹೋಟೆಲಿನಲ್ಲಿ ರಾತ್ರಿ ಪಾಳಿ, ಕೇಕಿನವಳು ಹಗಲೆಲ್ಲ ಮನೆಯಲ್ಲೇ. ಅವರ ಮಕ್ಕಳು ಮನೆಯಿಂದ ಮನೆಗೆ ಹೋಗುತ್ತವೆ, ಯಾರು ಮನೆಯಲ್ಲಿದ್ದಾರೋ ಅವರೇ ಆ ಹೊತ್ತಿನ ತಾಯಿ. ನನ್ನ ಶುಕ್ರವಾರ, ಶನಿವಾರ ಅವರಿಗೆ, ಅವರ ಉಳಿದ ದಿನ ನನಗೆ. "ವೀ ಟೇಕ್," ಅಂದಳು ಅವಳು, ಮಾತು ಮುಗಿಯಿತು ಎಂಬಂತೆ.

ನಾನು ಬೇಡ ಅಂದೆ. ಯಾಕೆ ಅಂದೆ? ಅತ್ತೆ ಏನು ಹೇಳಿಯಾರು, ಊರವರು ಏನು ಹೇಳಿಯಾರು, ಸ್ವಂತ ಅಜ್ಜಿ ಇರುವಾಗ ಯಾರ್ಯಾರದೋ ಮನೆಯಲ್ಲಿ ಮಗು ಬಿಡುವುದಾ ಅಂತ. ಇವರನ್ನು ಕೇಳಿದರೆ, "ಅಮ್ಮ ಎಲ್ಲ ರೆಡಿ ಮಾಡಿದ್ದಾರಲ್ಲ" ಎಂದು ಗೋಡೆ ನೋಡಿದರು. ನಾನು ಮಗುವಿನ ಬಟ್ಟೆ ಮಡಚಿಟ್ಟೆ. ಅಜ್ಜಿ ಮಂಚದ ತುದಿಯಲ್ಲಿ ಕೂತು ನಾನು ಮಡಚುವುದನ್ನೇ ನೋಡುತ್ತಿದ್ದರು.

ಹೊರಡುವ ದಿನ ಸಂಜೆ, ಬಿಸಿಲು ಇಳಿದ ಮೇಲೆ, ಚಿಕ್ಕತ್ತೆ ಬಂದರು. ಅತ್ತೆಯ ತಂಗಿ, ಶಾರ್ಜಾದಲ್ಲಿ ಮಗನ ಜೊತೆ ಇರುವವರು, ಕೊಲ್ಲಿಯಲ್ಲಿ ಹಳಬರು. ಟ್ಯಾಕ್ಸಿಯನ್ನು ಕೆಳಗೇ ನಿಲ್ಲಿಸಿ ಬಂದಿದ್ದರು. "ಯಲ್ಲಾ ಯಲ್ಲಾ, ಮೀಟರ್ ಓಡ್ತಾ ಉಂಟು! ಮಗು ಎಲ್ಲಿ? ಹಾಲಿನ ಬಾಟ್ಲಿ ಎಷ್ಟು ಇಟ್ಟಿದ್ದಿ?"

ಮಗು ಮಂಚದ ಮೇಲಿರಲಿಲ್ಲ. ನಾನು ಅಡುಗೆಮನೆಯಲ್ಲಿ ಬಾಟ್ಲಿ ತೊಳೆಯುವಾಗ ಅಜ್ಜಿಯ ಹತ್ತಿರ ಇತ್ತು. ಎದುರು ಮನೆಗೆ ಓಡಿದೆ, ಇಲ್ಲ. ಕೇಕಿನವಳ ಮನೆ, ಅಲ್ಲೂ ಇಲ್ಲ. ಇವರು ಮೆಟ್ಟಿಲು ಹತ್ತಿ ಇಳಿದು ಏದುಸಿರು ಬಿಡುತ್ತಿದ್ದರು. ಚಿಕ್ಕತ್ತೆ ಹಣೆ ಬಡಿದುಕೊಂಡರು: "ಎಂತ ಸಾವು ಮಾರಾಯ್ರೆ ಇದು! ಯಾರ್ಯಾರ ಕೈಯಲ್ಲಿ ಮಗು ಕೊಟ್ರೆ ಹೀಗೇ ಆಗುದು! ವಿಮಾನ ಕಾಯ್ತದಾ?"

ನಾನು ಬಾಲ್ಕನಿಗೆ ಹೋಗಿ ಬಗ್ಗಿ ನೋಡಿದೆ.

ಕೆಲಸ ಮುಗಿಸಿದವರು ಮರಳುವ ಹೊತ್ತು. ಕಾರ್ ಲಿಫ್ಟುಗಳು ಒಂದರ ಹಿಂದೊಂದು ನಿಂತು ಜನರನ್ನು ಇಳಿಸುತ್ತಿದ್ದವು. ಆ ಜನರ ನಡುವೆ ಅಜ್ಜಿ ನಡೆಯುತ್ತಿದ್ದರು, ಮಗಳನ್ನು ಬೆನ್ನಿಗೆ ಬಟ್ಟೆಯಲ್ಲಿ ಬಿಗಿದು ಕಟ್ಟಿಕೊಂಡು. ಇಳಿದವರೆಲ್ಲ ಒಂದು ಗಳಿಗೆ ನಿಂತು ಮಗುವಿನ ತಲೆ ಮುಟ್ಟಿ ಹೋಗುತ್ತಿದ್ದರು, ಫ್ರೆಂಚ್ ಆಡುವವರು, ಮಲಯಾಳಿಗಳು, ಬ್ಯಾಗು ಹೊತ್ತ ಫಿಲಿಪ್ಪೀನಿ ಹುಡುಗಿಯರು. ಅಜ್ಜಿ ತಲೆಯೆತ್ತಿದರು. ನನ್ನನ್ನು ಕಂಡರು. ಓಡಲಿಲ್ಲ, ಅಡಗಲಿಲ್ಲ, ಬರಲೂ ಇಲ್ಲ. ಒಂದು ಕೈಯನ್ನು ಹಿಂದೆ ಮಗುವಿನ ಅಂಡಿಗೆ ಆನಿಸಿ ಅಲ್ಲೇ ನಿಂತು ನನ್ನನ್ನೇ ನೋಡಿದರು. ತಾ ಅಂದರೆ ತರುತ್ತಿದ್ದರು. ನನಗೆ ಅದು ಖಂಡಿತ ಗೊತ್ತು. ತಾ ಅನ್ನುವ ಕೆಲಸವನ್ನು ಮಾತ್ರ ನನಗೆ ಬಿಟ್ಟಿದ್ದರು.

ನನ್ನ ಬಾಯಿಯಿಂದ ಅದು ಬರಲಿಲ್ಲ.

ಒಳಗೆ ಬಂದೆ. "ಚಿಕ್ಕತ್ತೆ, ಟ್ಯಾಕ್ಸಿ ಕಾಯ್ತಾ ಉಂಟು. ನೀವು ಹೊರಡಿ. ಮಗು ಬರ್ಲಿಕ್ಕಿಲ್ಲ."

"ಬರ್ಲಿಕ್ಕಿಲ್ಲ ಅಂದ್ರೆ? ಹುಚ್ಚಾ ನಿನಗೆ? ಅಕ್ಕನಿಗೆ ನಾನು ಎಂತ ಹೇಳುದು?"

ಆಗ ನನ್ನ ಗಂಡ ಮುಂದೆ ಬಂದರು. ಚಿಕ್ಕತ್ತೆಯ ಕೈಯಲ್ಲಿದ್ದ ಮಗುವಿನ ಚೀಲವನ್ನು ಮೆಲ್ಲಗೆ ಬಿಡಿಸಿಕೊಂಡರು. ಬೆವರಲ್ಲಿ ಅಂಗಿ ಒದ್ದೆಯಾಗಿತ್ತು. "ಅಮ್ಮನಿಗೆ ನಾನು ಹೇಳ್ತೇನೆ ಚಿಕ್ಕಮ್ಮ," ಅಂದರು. ಫೋನ್ ಹಿಡಿದು ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡೇ ಹೇಳಿದರು, ಅದು ಬೇರೆ ಮಾತು. ಹೇಳಿದರಲ್ಲ, ಅಷ್ಟು ಸಾಕು. ಅತ್ತೆ ಮೂರು ತಿಂಗಳು ನನ್ನೊಡನೆ ಮಾತು ಬಿಟ್ಟರು. ನಾಲ್ಕನೆಯ ತಿಂಗಳು ಮಗುವನ್ನು ನೋಡದೆ ಇರಲಾಗದೆ ಅವರೇ ಫೋನ್ ಮಾಡಿದರು, ಮೊದಲ ಮಾತೇ ಬೈಗುಳ.

ರಜೆ ಮುಗಿದು ಕೆಲಸಕ್ಕೆ ಹೊರಟ ಬೆಳಿಗ್ಗೆ ಎದುರು ಬಾಗಿಲಲ್ಲಿ ಮಗಳನ್ನು ಕೊಟ್ಟೆ. ಕರಾಮದವರೆಗೂ ಕಾರ್ ಲಿಫ್ಟಿನಲ್ಲಿ ಅಳುತ್ತಲೇ ಹೋದೆ, ನಾಚಿಕೆಬಿಟ್ಟು, ಗಟ್ಟಿಯಾಗಿಯೇ. ಡ್ರೈವರು ರೇಡಿಯೋ ದೊಡ್ಡದು ಮಾಡಿದ. ಕ್ಲಿನಿಕ್ಕಿನಲ್ಲಿ ಬಂದವರ ಹಲ್ಲಿನ ನೋವಿಗಿಂತ ನನ್ನ ಮುಖವೇ ಕೆಟ್ಟದಾಗಿತ್ತಂತೆ. ಸಂಜೆ ವ್ಯಾನಿನಿಂದ ಇಳಿದು ಮೆಟ್ಟಿಲನ್ನು ಎರಡೆರಡಾಗಿ ಹತ್ತಿದೆ, ಬಾಗಿಲು ಬಡಿದು ಕೂಗಿದೆ. ಅಜ್ಜಿಯ ತೊಡೆಯ ಮೇಲಿದ್ದ ಮಗಳು ನನ್ನ ದನಿಗೆ ತಲೆ ತಿರುಗಿಸಿದಳು.